ಮೂರು ಬಿಡಿ ಸ್ವಿಚ್ಚುಗಳು

ಶಿಷ್ಯೆ ವಾರಿಜ ಕೇಳಿದಳು: "ಮೇಷ್ಟ್ರೇ, ನನ್ನ ಗಿಟಾರಿಗೆ ನಾಳೆ ಮರ ಕೊರೆಯುತ್ತಾರಂತೆ. ತಂತಿಯ ದನಿ ಹಿಡಿಯುವ ಪಿಕಪ್‌ಗಳಿಗೆಲ್ಲ ಸೇರಿ ಒಂದೇ ಕಡ್ಡಿಯ ಸ್ವಿಚ್ಚು ಬೇಕೋ, ಒಂದೊಂದಕ್ಕೂ ಬಿಡಿ ಸ್ವಿಚ್ಚು ಬೇಕೋ ಎಂದು ಕೇಳಿದ್ದಾರೆ. ಒಮ್ಮೆ ಕೊರೆದರೆ ಮುಗಿಯಿತು. ಎಷ್ಟೋ ವರ್ಷ ಕಾದು ಮಾಡಿಸುತ್ತಿರುವ ವಾದ್ಯ. ತಪ್ಪಾಗದಂಥದು ಯಾವುದು, ಅದೊಂದು ಹೇಳಿ."

ಮೇಷ್ಟ್ರು ಮಡಿಲಲ್ಲಿದ್ದ ಗಿಟಾರನ್ನು ಗೋಡೆಗೆ ಒರಗಿಸಿ ಈ ಕತೆ ಹೇಳಿದರು.

ಗಿಟಾರು ಕಲಿಯಬೇಕೆಂದ ಒಬ್ಬ ಹೆಂಗಸಿದ್ದಳು. ಅವಳ ಕೈಲಾಗುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಸೋದರಮಾವ. ಆಮೇಲೆ ಹೇಳಿದವಳು, ಪಾಠ ಹೇಳಿಕೊಡಲು ಒಪ್ಪದ ಸಂಗೀತದ ಟೀಚರು. ಕೊನೆಗೆ ಹೇಳಿದವನು ಆರ್ಕೆಸ್ಟ್ರಾದ ಯಜಮಾನ. "ಹಾಡೋದಾದ್ರೆ ಬಾರಮ್ಮ, ಕೋರಸ್ಸಿನಲ್ಲಿ ನಿಲ್ಲಿಸ್ತೀನಿ. ಗಿಟಾರು ಹೆಣ್ಣುಮಕ್ಕಳ ಕೈಲಿ ನಿಲ್ಲೋ ಸಾಮಾನಲ್ಲ" ಎಂದ. ಇಷ್ಟು ಜನ ಹೇಳಿದ ಮೇಲೆ ಆ ಹೆಂಗಸಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಕಲಿಯಲೇಬೇಕಾಯಿತು.

ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕ ಓದಿ ಕಲಿತಳು. ಅದರ ಮೊದಲ ಹಾಳೆಗಳು ಹರಿದುಹೋಗಿದ್ದವು. ಹಾಗಾಗಿ ಸುಲಭದ ಪಾಠಗಳು ಅವಳಿಗೆ ಸಿಗಲೇ ಇಲ್ಲ, ಕಷ್ಟದವುಗಳಿಂದಲೇ ಶುರುಮಾಡಿದಳು. ಬೆರಳು ಸೀಳಿತು, ಜಡ್ಡುಗಟ್ಟಿತು, ಮತ್ತೆ ಸೀಳಿತು. ಒಂದು ದಿನ ಆರ್ಕೆಸ್ಟ್ರಾದ ಗಿಟಾರಿನವನು ಕಾರ್ಯಕ್ರಮದ ಬೆಳಿಗ್ಗೆಯೇ ಬೇರೆ ತಂಡಕ್ಕೆ ಹಾರಿದ. ಯಜಮಾನ ಗತಿಯಿಲ್ಲದೆ ಇವಳನ್ನು ಕರೆದ. ಗಿಟಾರಿನವನ ಕುರ್ಚಿಯಲ್ಲಿ ಕೂತವಳು ಅದನ್ನು ಮತ್ತೆ ಬಿಟ್ಟುಕೊಡಲಿಲ್ಲ.

ಆದರೆ ನುಡಿಸುತ್ತಿದ್ದ ಗಿಟಾರು ತಂಡದ್ದು. ತನ್ನದೇ ಒಂದು ಬೇಕು, ಅದೂ ಒಳ್ಳೆಯದೇ ಬೇಕು ಎಂದು ಹಟ ಹಿಡಿದು, ಗಿಟಾರು ಮಾಡುವ ಒಬ್ಬ ಕುಶಲಕರ್ಮಿಯ ಬಳಿ ಹೋದಳು. ಅವನು ಮರ ತೋರಿಸಿದ, ತಂತಿ ತೋರಿಸಿದ, ಕೊನೆಗೆ ಸ್ವಿಚ್ಚಿನ ಮಾತೆತ್ತಿದ.

"ತಂತಿಯ ಕೆಳಗೆ ಮೂರು ಪಿಕಪ್ ಕೂರುತ್ತವೆ, ತಾಯಿ. ತಂತಿಯ ನಡುಕ ಹಿಡಿದು ದನಿ ಮಾಡುವುದು ಅವೇ. ಕತ್ತಿನ ಕಡೆಯದು ದಪ್ಪ ದನಿ, ಬುಡದ ಕಡೆಯದು ಚೂಪು ದನಿ, ನಡುವಿನದು ಎರಡರ ನಡುವೆ. ಒಂದೇ ಕಡ್ಡಿ ಹಾಕಿದರೆ ಕೆಲವೇ ದನಿ ಸಿಗುತ್ತವೆ. ಆದರೆ ಎತ್ತ ತಳ್ಳಿದರೂ ಯಾವುದೋ ಒಂದು ಪಿಕಪ್ ಎಚ್ಚರವಿರುತ್ತದೆ. ಬಿಡಿ ಸ್ವಿಚ್ಚು ಹಾಕಿದರೆ ಯಾವುದನ್ನು ಯಾವುದರ ಜೊತೆಗಾದರೂ ಸೇರಿಸಬಹುದು. ಆದರೆ ಮೂರೂ ಆರಿಹೋಗುವ ಭಯ ಉಂಟು. ಆಗ ಗಿಟಾರು ಮೂಕ."

"ಯಾವುದು ಯಾವುದರ ಜೊತೆ ಸೇರಬೇಕು ಅಂತ ಆ ಕಡ್ಡಿಗೆ ಕಟ್ಟುಮಾಡಿದವರು ಯಾರು?" ಎಂದು ಅವಳು ಕೇಳಿದಳು.

"ಯಾರೋ, ಹಿಂದಿನವರು."

"ಹಿಂದಿನವರು ನನಗೆ ಹೇಳಿದ್ದು ಸಾಕಾಗಿದೆ. ಬಿಡಿ ಸ್ವಿಚ್ಚು ಹಾಕಿ."

ಹೊಸ ಗಿಟಾರು ಹಿಡಿದು ಅವಳು ಮೊದಲು ಹತ್ತಿದ್ದು ಒಂದು ಗಣಪತಿ ಪೆಂಡಾಲಿನ ವೇದಿಕೆ. ಒಂದು ಹಾಡಿನಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಗಿಟಾರಿಗೆಂದೇ ಬಿಟ್ಟ ತುಣುಕಿತ್ತು. ಅದರ ಅರ್ಧ ದಪ್ಪ ದನಿ, ಉಳಿದರ್ಧ ಚೂಪು ದನಿ.

ಅವಳು ಬೆಳೆದ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಬಿಡುವ ಕೋಣೆಯ ದೀಪ ಆರಿಸದೆ ಹೋಗುವ ಕೋಣೆಯ ದೀಪ ಹಾಕಕೂಡದು. ಕತ್ತಲಲ್ಲಿ ನಾಲ್ಕು ಹೆಜ್ಜೆ ನಡೆದರೆ ಯಾರೂ ಸಾಯುವುದಿಲ್ಲ ಎನ್ನುತ್ತಿದ್ದಳು ತಾಯಿ. ಕೈ ಆ ಮನೆಯ ಕೈ. ಅದು ಮೊದಲು ದಪ್ಪ ದನಿಯನ್ನು ಆರಿಸಿತು, ಆಮೇಲೆ ಚೂಪು ದನಿಯ ಸ್ವಿಚ್ಚು ಹುಡುಕಿತು. ಬೆರಳು ತಂತಿಯ ಮೇಲೆ ಓಡುತ್ತಿತ್ತು, ದನಿ ಇರಲಿಲ್ಲ. ಡ್ರಮ್ಮಿನವನು ಗಾಬರಿಯಾಗಿ ಕೈ ನಿಲ್ಲಿಸಿದ.

ಯಜಮಾನ ಮೈಕಿನಲ್ಲೇ ಕೂಗಿದ: "ನಮ್ಮ ಗಿಟಾರಮ್ಮಂಗೆ ಕರೆಂಟು ಹೋಯ್ತು! ಯಾರಾದ್ರೂ ಮೇಣದ ಬತ್ತಿ ಕೊಡ್ರಪ್ಪಾ!"

ಪೆಂಡಾಲು ಬಿದ್ದು ಬಿದ್ದು ನಕ್ಕಿತು. ವೇದಿಕೆ ಇಳಿದ ಮೇಲೆ ಅವನು ನಗಲಿಲ್ಲ. "ಕಡ್ಡಿ ಹಾಕಿಸ್ಕೊಂಡು ಬಾ. ಇನ್ನೊಂದು ಸಲ ಹೀಗಾದ್ರೆ ಆ ಕುರ್ಚಿ ನಿಂದಲ್ಲ" ಎಂದ.

ಅವಳು ಕಡ್ಡಿ ಹಾಕಿಸಲಿಲ್ಲ. ಮನೆಯಲ್ಲಿ ಕೂತು ಕೈಯ ರೂಢಿ ತಿದ್ದಲು ಹೊರಟಳು. ಮೊದಲು ಹೊಸ ದನಿ ಹಾಕು, ಆಮೇಲೆ ಹಳೆಯದನ್ನು ಆರಿಸು. ಹಾಗೆ ಮಾಡಿದಾಗ ಒಂದು ಕ್ಷಣ ಎರಡೂ ಒಟ್ಟಿಗೆ ನುಡಿದವು, ಓರಗಿತ್ತಿಯರಿಬ್ಬರು ಒಂದೇ ಸಲ ಬಾಯಿ ತೆರೆದ ಹಾಗೆ. ತುಣುಕು ಕೆಟ್ಟಿತು. ಮತ್ತೆ ಮಾಡಿದಳು. ಮತ್ತೆ ಕೆಟ್ಟಿತು.

ಆಗ ಅವಳಿಗೆ ಪೆಂಡಾಲಿನ ಆ ಗಳಿಗೆ ನೆನಪಾಯಿತು. ನೆನೆಯಲು ಇಷ್ಟವಿಲ್ಲದಿದ್ದರೂ ಹಲ್ಲು ಕಚ್ಚಿ ನೆನೆದಳು. ಗಿಟಾರು ಮೂಕವಾದಾಗ ಜನ ಏನು ಮಾಡಿದರು? ಹರಟುತ್ತಿದ್ದವರು ಮಾತು ನಿಲ್ಲಿಸಿ ತಲೆಯೆತ್ತಿದ್ದರು. ಪಕ್ಕದಲ್ಲಿ ಬೋಂಡ ಕರಿಯುತ್ತಿದ್ದವನ ಜಾಲರಿ ಸೌಟು ಎಣ್ಣೆಯ ಮೇಲೇ ನಿಂತಿತ್ತು. ನಗು ಬಂದದ್ದು ಆಮೇಲೆ. ಮೊದಲು ಬಂದದ್ದು ಕಿವಿ. ಅಷ್ಟು ದಿನ ನುಡಿಸಿದರೂ ಅವಳಿಗೆ ಯಾರೂ ಹಾಗೆ ಕಿವಿ ಕೊಟ್ಟಿರಲಿಲ್ಲ.

ಅಂದಿನಿಂದ ಬೇರೆಯವರು ಸ್ವರ ಸಾಧಿಸುವ ಹಾಗೆ ಅವಳು ಮೌನವನ್ನು ಸಾಧಿಸಿದಳು. ಒಂದು ದನಿ ಆರಿಸಿ ಇನ್ನೊಂದು ಹಾಕುವ ನಡುವೆ ತಾಳದ ಒಂದು ಪೆಟ್ಟು, ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. ಅಲ್ಲಿ ನೀನೂ ಕೈ ಎತ್ತಿ ಹಿಡಿ ಎಂದು ಡ್ರಮ್ಮಿನವನನ್ನು ಒಪ್ಪಿಸಿದಳು. ಯಜಮಾನನಿಗೆ ಹೇಳಲಿಲ್ಲ.

ಮುಂದಿನ ಪೆಂಡಾಲಿನಲ್ಲಿ ಅದೇ ಹಾಡು ಬಂತು. ಯಜಮಾನ ಮೈಕು ಹಿಡಿದೇ ನಿಂತಿದ್ದ. ಗೇಲಿಯ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಕುರ್ಚಿ ಹೋದರೆ ಹೋಗಲಿ ಎಂದು ಅವಳು ದಪ್ಪ ದನಿಯನ್ನು ನಂದಿಸಿದಳು. ಡ್ರಮ್ಮಿನವನ ಕೋಲು ಗಾಳಿಯಲ್ಲಿ ನಿಂತಿತು. ಇಡೀ ಪೆಂಡಾಲು ತಲೆಯೆತ್ತಿತು. ಪೆಟ್ಟು ಮುಗಿಯುವುದಕ್ಕೂ ಅವಳು ಚೂಪು ದನಿ ಹಾಕುವುದಕ್ಕೂ ಸರಿಹೋಯಿತು. ಯಜಮಾನನ ಮೈಕು ಎದೆಯ ಹತ್ತಿರವೇ ಉಳಿಯಿತು. ಹಾಡುವವಳು ಚರಣ ಎತ್ತಿಕೊಳ್ಳುವುದನ್ನೇ ಮರೆತಳು. ತಂಡದವರು ಇನ್ನೊಂದು ಸುತ್ತು ಹೊಡೆಯಬೇಕಾಯಿತು.

ಮಾರನೆಯ ವಾರ ಅಭ್ಯಾಸಕ್ಕೆ ಹೊಸಬರು ಬಂದಾಗ ಯಜಮಾನ ಹೇಳಿದ: "ಆ ಜಾಗದಲ್ಲಿ ಅವರು ನಿಲ್ಲಿಸ್ತಾರೆ. ಯಾರೂ ಕೆಮ್ಮಲೂ ಬೇಡಿ." ಅವನ ಬಾಯಲ್ಲಿ ಅವಳು 'ಅವರು' ಆದದ್ದು ಅದೇ ಮೊದಲು.

ಮೇಷ್ಟ್ರು ಕತೆ ನಿಲ್ಲಿಸಿದರು. ವಾರಿಜಳ ಮುಖ ಅರಳಿತ್ತು.

"ಹಾಗಾದರೆ ಬಿಡಿ ಸ್ವಿಚ್ಚೇ ಸರಿ ಅನ್ನಿ, ಮೇಷ್ಟ್ರೇ. ಅದನ್ನೇ ಹಾಕಿಸುತ್ತೇನೆ. ಅವಳಿಗಾದ ಹಾಗೆ ವೇದಿಕೆಯ ಮೇಲೆ ತಪ್ಪಾಗದಂತೆ ಮಾತ್ರ ಈಗಲೇ ಕಲಿಸಿಕೊಡಿ."

ಮೇಷ್ಟ್ರು ಹೇಳಿದರು: "ಅವಳ ಸ್ವತ್ತು ಈಗ ತಾಳದ ಒಂದು ಪೆಟ್ಟಿನಷ್ಟು ಮೌನ. ಅದಕ್ಕೆ ಅವಳು ತೆತ್ತ ಬೆಲೆ, ನೀನು ಬೇಡವೆನ್ನುತ್ತಿರುವ ಆ ತಪ್ಪು."