ಗುಡಿಸಿಲ್ಲದ ಮರ

ಒಂದಾನೊಂದು ಕಾಲದಲ್ಲಿ, ಕಂದ, ನಮ್ಮಜ್ಜಿಗೆ ಅವರಜ್ಜಿ ಕತೆ ಹೇಳ್ತಿದ್ದ ಕಾಲಕ್ಕೂ ಹಿಂದೆ, ಒಂದು ಊರಲ್ಲಿ ಚೆನ್ನಾಜಮ್ಮ ಅಂತ ಒಬ್ಬಳಿದ್ದಳಂತೆ. ಅವಳು ಮಕ್ಕಳಿಗೆ ಕತೆ ಕಟ್ಟಿ ತಾಳೆಗರಿ ಮೇಲೆ ಬರೆಯೋಳು. ಪಕ್ಕದ ಮನೆ ಓಬಳಯ್ಯ ಆ ಅಕ್ಷರಾನ ದಪ್ಪ ಕಾಗದಕ್ಕೆ ಇಳಿಸಿ, ಚಿತ್ರ ಬರೆದು, ಬಣ್ಣ ತುಂಬಿ, ದಾರ ಹಾಕಿ ಹೊಲಿದು ಪುಸ್ತಕ ಮಾಡೋನು. ಅಕ್ಕಾ ಅಂತ ಇವನು, ಓಬಳಾ ಅಂತ ಅವಳು. ಅಕ್ಕನ ಮಾತಂದ್ರೆ ಇವನಿಗೆ ವೇದವಾಕ್ಯ, ಒಂದಕ್ಷರ ಹೆಚ್ಚುಕಮ್ಮಿ ಮಾಡೋನಲ್ಲ. ಮಹಾ ಪುಕ್ಕಲ ಬೇರೆ, ನಿಮ್ಮ ತಾತನ ಹಾಗೇ ಅಂತ ಇಟ್ಟುಕೋ.

ಆ ಊರಿನ ಪಾಳೇಗಾರನಿಗೆ ಹೊನ್ನಾಂಬೆ ಅಂತ ಒಬ್ಬಳೇ ಮಗಳು, ಆರು ವರ್ಷ. ತಾಯಿ ತೀರಿಕೊಂಡ ಮೇಲೆ ಆ ಮಗು ಮಾತಾಡೋದನ್ನೇ ಬಿಟ್ಟುಬಿಟ್ಟಿತಂತೆ. ವೈದ್ಯರು ಬಂದರು, ಆಗಲಿಲ್ಲ. ಆಮೇಲೆ ಮಂತ್ರ ಹಾಕೋರು ಬಂದರು, ಆಗಲಿಲ್ಲ. ಆಮೇಲೆ ಬೊಂಬೆ ಆಡಿಸೋರು ಬಂದರು, ಅವರ ಕೈಲೂ ಆಗಲಿಲ್ಲ. ಕೊನೆಗೆ ಪಾಳೇಗಾರ ಚೆನ್ನಾಜಮ್ಮನ್ನ ಕರೆಸಿ, ನನ್ನ ಮಗಳಿಗೆ ಅಂತಲೇ ಒಂದು ಕತೆ ಪುಸ್ತಕ ಮಾಡಿಕೊಡಮ್ಮ, ಹುಣ್ಣಿಮೆ ಒಳಗೆ ಬೇಕು ಅಂದನಂತೆ.

ಚೆನ್ನಾಜಮ್ಮ ತಾಯಿ ತಪ್ಪಿಹೋದ ಒಂದು ಜಿಂಕೆ ಮರಿ ಕತೆ ಯೋಚಿಸಿದಳು. ಆದರೆ ಅವಳು ಬರೆಯೋಕೆ ಕೂತ ದಿನವೇ, ದೂರದೂರಲ್ಲಿದ್ದ ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಅಂತ ಗಾಡಿ ಬಂತು. ಗಾಡಿಯವನು ಹೊತ್ತಾಯ್ತು ಹೊತ್ತಾಯ್ತು ಅಂತ ಬಾಗಿಲಲ್ಲಿ ಪ್ರಾಣ ತಿನ್ನುತ್ತಿದ್ದ. ಆ ಗಡಿಬಿಡೀಲಿ ಕಾಡಲ್ಲಿ ಒಂದು ಮರಿ ಇತ್ತು ಅಂತ ಬರೆಯೋ ಕಡೆ ಗುಡಿಸು ಬಿಟ್ಟೇಬಿಟ್ಟಳು. ಗುಡಿಸು ಗೊತ್ತಲ್ಲ, ರ ಅಕ್ಷರಕ್ಕೆ ಗುಡಿಸು ಕೊಟ್ಟರೆ ರಿ ಅಂತ ನಿಮ್ಮ ಮೇಷ್ಟ್ರು ತಿದ್ದಿಸ್ತಾರಲ್ಲ, ಅದು. ಅದಿಲ್ಲದಿದ್ದರೆ ಮರಿ ಹೋಗಿ ಮರ ಆಗುತ್ತೆ. ಅಲ್ಲಿಂದ ಮುಂದಕ್ಕೆಲ್ಲ ಅದು ಹೋಯ್ತು, ಅದು ಬಂತು ಅಂತಲೇ ಬರೆದು, ಗರಿ ಓಬಳಯ್ಯನ ಕೈಗೆ ಕೊಟ್ಟು ಗಾಡಿ ಹತ್ತಿದಳಂತೆ.

ಆಮೇಲೆ ಓಬಳಯ್ಯ ಓದಿದ. ಕಾಡಲ್ಲಿ ಒಂದು ಮರ ಇತ್ತು, ಅದು ಅಮ್ಮನ್ನ ಹುಡುಕಿಕೊಂಡು ಹೊರಟಿತು. ತಲೆ ಕೆರೆದುಕೊಂಡ. ತಪ್ಪಿರಬಹುದು ಅಂತ ಆ ಪುಣ್ಯಾತ್ಮನಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಅಕ್ಕ ಬರೆದಿದ್ದಾಳೆ ಅಂದಮೇಲೆ ಮರ ಹೊರಡಲೇಬೇಕು. ಮೊದಲು ಮರಾನ ಗಾಡಿ ಮೇಲೆ ಕೂರಿಸಿದ, ಸೌದೆ ಸಾಗಿಸಿದ ಹಾಗೆ ಕಾಣ್ತು, ಹರಿದ. ಆಮೇಲೆ ಮನುಷ್ಯರ ಕಾಲು ಇಟ್ಟು ಬರೆದ, ನೋಡಿ ಅವನಿಗೇ ಹೆದರಿಕೆ ಆಯ್ತು, ಅದನ್ನೂ ಹರಿದ. ಮೂರನೇ ಸಲ, ಹೆಂಗಸರು ಕೆಸರಲ್ಲಿ ನಡೆಯುವಾಗ ಸೀರೆ ನೆರಿಗೆ ಎತ್ತಿ ಹಿಡೀತಾರಲ್ಲ, ಹಾಗೆ ಬೇರನ್ನೆಲ್ಲ ಎತ್ತಿಕೊಂಡು ನಡೆಯೋ ಒಂದು ಮರ ಬರೆದನಂತೆ.

ಆ ಮರ ಬಾವಿ ಹತ್ರ ಹೋಗಿ ನಮ್ಮಮ್ಮನ್ನ ಕಂಡ್ಯಾ ಅಂತು, ಬಾವಿ ಇಲ್ಲ ಅಂತು. ಆಮೇಲೆ ಬೆಟ್ಟಾನ ಕೇಳ್ತು, ಬೆಟ್ಟಾನೂ ಇಲ್ಲ ಅಂತು. ಆಮೇಲೆ ಹೊಳೇನ ಕೇಳ್ತು, ಹೊಳೆ ನಿಂತು ಕೇಳಿಸಿಕೊಳ್ಳಲೇ ಇಲ್ಲ. ಕೊನೇ ಸಾಲು, ಸುಸ್ತಾಗಿ ನಿಂತ ಜಾಗದಲ್ಲೇ ಅದಕ್ಕೆ ಅಮ್ಮ ಸಿಕ್ಕಳು ಅಂತ ಇತ್ತು. ಅಲ್ಲಿಗೆ ಬಂದು ಓಬಳಯ್ಯ ಕುಂಚ ಕೆಳಗಿಟ್ಟ. ಮರಕ್ಕೆ ಅಮ್ಮ ಅಂದ್ರೆ ಯಾರು? ಎರಡು ದಿನ ಯೋಚಿಸಿದ, ಹೊಳೀಲಿಲ್ಲ. ಮೂರನೇ ದಿನ ಹಿತ್ತಲಲ್ಲಿ ಬದನೆ ಸಸಿ ನೆಡುವಾಗ ಬೊಗಸೇಲಿದ್ದ ಮಣ್ಣು ನೋಡ್ತಾ ನೋಡ್ತಾ ಹೊಳೀತಂತೆ. ಕೈ ಕೂಡ ತೊಳೀದೆ ಒಳಗೆ ಓಡಿದ. ಮರ ಬೇರು ಕೆಳಗೆ ಬಿಟ್ಟು ನಿಂತಿದೆ, ಅದರಡಿಯ ಮಣ್ಣೆಲ್ಲ ಒಬ್ಬ ತಾಯಿ ಮಡಿಲಾಗಿದೆ, ಆ ತಾಯಿ ಬೇರನ್ನೆಲ್ಲ ಎರಡು ಕೈಯಲ್ಲೂ ಹಿಡಿದುಕೊಂಡಿದ್ದಾಳೆ, ಹಾಗೆ ಬರೆದನಂತೆ.

ಪುಸ್ತಕ ಅರಮನೆಗೆ ಹೋಯ್ತು. ಹೊನ್ನಾಂಬೆ ಅದನ್ನ ಕೈಯಿಂದ ಕೆಳಗಿಡಲಿಲ್ಲ, ಆದರೆ ಮಾತೂ ಆಡಲಿಲ್ಲ. ಅವಳಿಗೆ ಅಕ್ಷರ ಕಲಿಸೋ ವಿದ್ವಾಂಸರು ಬಗ್ಗಿ ನೋಡಿ, ಮರ ಎಲ್ಲಾದರೂ ಅಮ್ಮನ್ನ ಹುಡುಕುತ್ತಾ? ಇದು ಮರಿ ಕಣ್ರೀ, ಗುಡಿಸು ಬಿಟ್ಟಿದ್ದಾರೆ ಅಂತ ನಕ್ಕರಂತೆ. ಪಾಳೇಗಾರನಿಗೆ ಉರಿದುಹೋಯ್ತು. ನನ್ನ ಮಗಳ ದುಃಖ ನಿಮಗೆ ಹುಡುಗಾಟ ಆಯ್ತಾ, ಚೆನ್ನಾಜಮ್ಮ ಬರಲಿ, ಇದು ತಪ್ಪು ಅಂತ ಅವಳು ಹೇಳಿದರೆ ನೀನು ಇನ್ನು ಮಕ್ಕಳ ಪುಸ್ತಕಕ್ಕೆ ಕುಂಚ ಮುಟ್ಟೋ ಹಾಗಿಲ್ಲ ಅಂತ ಓಬಳಯ್ಯನಿಗೆ ಹೇಳಿಬಿಟ್ಟ. ಪಾಪ, ಅವನಿಗೆ ಮೂರು ದಿನ ಅನ್ನ ಸೇರಲಿಲ್ಲ. ಕುಂಚ ಹೋಗುತ್ತಲ್ಲ ಅನ್ನೋದಕ್ಕಿಂತ, ಅಕ್ಕನ ಕತೆ ಕೆಡಿಸಿಬಿಟ್ಟೆನಲ್ಲ ಅಂತ ಒಳಗೊಳಗೇ ಅತ್ತನಂತೆ.

ಚೆನ್ನಾಜಮ್ಮ ಬಂದಳು. ಅರಮನೇಲಿ ಎಲ್ಲರೆದುರು ಪುಸ್ತಕ ಬಿಡಿಸಿದಳು. ಮೊದಲನೇ ಹಾಳೆ ನೋಡಿದ ಕೂಡಲೇ ತನ್ನ ತಪ್ಪು ಗೊತ್ತಾಯ್ತು. ಆದರೂ ಸುಮ್ಮನೆ ಒಂದೊಂದೇ ಹಾಳೆ ತಿರುಗಿಸ್ತಾ ಹೋದಳು. ಕೊನೇ ಚಿತ್ರಕ್ಕೆ ಬಂದಾಗ ಅವಳ ಕೈ ನಿಂತೇಹೋಯ್ತಂತೆ. ವಿದ್ವಾಂಸರು ಲೇಖನಿ ಅವಳ ಮುಂದೆ ಹಿಡಿದು, ನಿಮ್ಮ ಕೈಯಿಂದಲೇ ಗುಡಿಸು ಹಾಕಿಬಿಡಿ, ಚಿತ್ರ ಬೇರೆಯವರ ಕೈಲಿ ಬರೆಸೋಣ ಅಂದರು. ಓಬಳಯ್ಯ ತಲೆ ಬಗ್ಗಿಸಿ ನಿಂತಿದ್ದ.

ಅಷ್ಟರಲ್ಲಿ ಹೊನ್ನಾಂಬೆ ಓಡಿಬಂದು, ಪುಸ್ತಕ ಮೊದಲನೇ ಹಾಳೆಗೆ ತಿರುಗಿಸಿ, ಆ ಅಕ್ಷರದ ಮೇಲೆ ತನ್ನ ಪುಟ್ಟ ಅಂಗೈ ಮುಚ್ಚಿಬಿಟ್ಟಳಂತೆ.

"ಮರಿ ಅಲ್ಲ, ಮರ" ಅಂದಳಂತೆ. "ಅದರಮ್ಮ ಮಣ್ಣಲ್ಲೇ ಇದ್ಲು. ನಮ್ಮಮ್ಮನ ಹಾಗೆ."

ಪಾಳೇಗಾರ ಮೀಸೆ ಒರೆಸಿಕೊಳ್ಳೋ ನೆಪದಲ್ಲಿ ಕಣ್ಣು ಒರೆಸಿಕೊಂಡು, ಇದನ್ನ ಬರೆದವರು ಯಾರು ಅಂತ ಮೆತ್ತಗೆ ಕೇಳಿದನಂತೆ. ಅಕ್ಕ ಬರೆದದ್ದು ಅಂದ ಓಬಳಯ್ಯ. ನಮ್ಮ ಮಾತಲ್ಲಿ ಅಕ್ಷರಾನೂ ಬರೀತೀವಿ, ಚಿತ್ರಾನೂ ಬರೀತೀವಿ ಅಲ್ವಾ ಕಂದ.

"ಅಕ್ಷರ ನಾನು ಬರ್ದೆ ದೊರೆ, ಅದ್ರಲ್ಲೂ ಒಂದು ಗುಡಿಸು ನುಂಗ್ದೆ. ಕತೆ ಬರ್ದವ್ನು ಇವ್ನು" ಅಂತ ಚೆನ್ನಾಜಮ್ಮ ಲೇಖನಿ ತಗೊಂಡು, ಪುಸ್ತಕದ ಮೇಲೆ ತನ್ನ ಹೆಸರಿನ ಪಕ್ಕಕ್ಕೆ ಓಬಳಯ್ಯನ ಹೆಸರು ಬರೆದಳಂತೆ. ಗುಡಿಸು ಹಾಕಲಿಲ್ಲ.

ಆಮೇಲೆ ಓಬಳಯ್ಯ ಮನೆಗೆ ಹೋಗಿ ಮೂರು ದಿನದ ಊಟ ಒಂದೇ ಸಲಕ್ಕೆ ಉಂಡು, ಗೊರಕೆ ಹೊಡೆದನಂತೆ. ಆಮೇಲೆ ಇಬ್ಬರೂ ಸೇರಿ ಎಷ್ಟೋ ಪುಸ್ತಕ ಮಾಡಿದರು, ವಯಸ್ಸಾಗಿ ತೀರಿಕೊಂಡರು. ಮಕ್ಕಳ ಕೈಲಿ ಆ ಮರದ ಪುಸ್ತಕ ಹರಿದಾಗಲೆಲ್ಲ ಯಾರಾದರೂ ಕೂತು ಹೊಸದಾಗಿ ನಕಲು ಮಾಡೋರು. ಮೊದಲು ನಕಲು ಮಾಡಿದ್ದು ಆ ವಿದ್ವಾಂಸರೇ ಅಂತೆ, ಗುಡಿಸಿಲ್ಲದೇನೇ. ಹೊನ್ನಾಂಬೆ ಮಾತ್ರ ಅವತ್ತು ಬಾಯಿ ಬಿಟ್ಟೋಳು, ಅದ್ಯಾಕೆ, ಇದ್ಯಾಕೆ, ಆಮೇಲೇನಾಯ್ತು ಅಂತ ಕೇಳಿ ಕೇಳಿ, ಸಾಕು ಮಲಗು ತಾಯಿ ಅಂತ ಪಾಳೇಗಾರನೇ ಕೈಮುಗಿಯೋನಂತೆ. ಅವನು ಕೈಮುಗಿದ, ಅವಳು ಮಲಗಿದಳು, ಅಲ್ಲಿಗೆ ಈ ಕತೇನೂ ಮುಗೀತು.