ಕಾಶಕ್ಕ ನೋಡಿಬಂದ ಪುಟ

ಬಹಳ ಹಿಂದೆ, ಫೋನು ಇನ್ನೂ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಗೋಡೆ ಪಕ್ಕದಲ್ಲೇ ನಿಂತಿರುತ್ತಿದ್ದ ಕಾಲದಲ್ಲಿ, ಜೋಡಹಳ್ಳ ಅಂತ ಒಂದೂರಿತ್ತು. ಊರು ಈಗಲೂ ಇದೆ, ಆ ಕಾಲ ಇಲ್ಲ. ಊರಿನ ಬಸ್ ಸ್ಟ್ಯಾಂಡಿನ ಎದುರಿಗೆ ಹಳದಿ ಬೋರ್ಡಿನ ಒಂದು ಎಸ್‌ಟಿಡಿ ಬೂತು. ಬೂತಿನಲ್ಲಿ ಕಾಶಕ್ಕ.

ಕಾಶಕ್ಕನ ಎಡಗಾಲು ಚಿಕ್ಕಂದಿನಲ್ಲೇ ಸೊರಗಿತ್ತು. ಆ ಕಾಲು ನೋಡಿ ಸರ್ಕಾರದವರು ಬೂತು ಕೊಟ್ಟರು. ಬಲಗಾಲು ಗಟ್ಟಿಯಿತ್ತಲ್ಲ, ಅದಕ್ಕೇ ಆಕೆ ಕೊಟ್ಟಲ್ಲಿ ಸುಮ್ಮನೆ ಕೂರಲಿಲ್ಲ ಅಂತಾರೆ. ಟೈಪಿಂಗ್ ಕಲಿತಿದ್ದಳು, ಇಂಗ್ಲಿಷಿನ ಕಾಗದ ಬಂದರೆ ಊರವರಿಗೆ ಓದಿ ಹೇಳುತ್ತಿದ್ದಳು. ಒಂದು ದಿನ, ಮುಚ್ಚಿಹೋದ ಯಾವುದೋ ಪ್ರಿಂಟಿಂಗ್ ಪ್ರೆಸ್ಸಿನಿಂದ ಹಳೆಯ ಕಂಪ್ಯೂಟರೊಂದನ್ನು ತರಿಸಿಕೊಂಡಳು. ಅದನ್ನು ಬಸ್ಸಿನ ಮೇಲಿಂದ ಇಳಿಸಿದವನು ತಾನೇ ಅನ್ನುವ ಗಂಡಸರು ಜೋಡಹಳ್ಳದಲ್ಲಿ ಇವತ್ತಿಗೂ ಅರವತ್ತು ಮಂದಿ ಸಿಗುತ್ತಾರೆ. ಅಷ್ಟು ಕೈ ಹತ್ತಿದ್ದರೆ ಅದು ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ.

ಲೈನು ಒಂದೇ. ಅದೇ ತಂತಿಯಲ್ಲಿ ಊರವರ ಫೋನೂ ಹೋಗಬೇಕು, ಕಾಶಕ್ಕನ ಇಂಟರ್‌ನೆಟ್ಟೂ ಹೋಗಬೇಕು. ಅದಕ್ಕೆ ಆಕೆ ಮಧ್ಯಾಹ್ನ ಎರಡರಿಂದ ನಾಲ್ಕು ಅಂತ ಹೊತ್ತು ಗೊತ್ತು ಮಾಡಿದಳು. ಎರಡಾದ ಕೂಡಲೇ ಬಾಗಿಲಿಗೆ ಒಂದು ಕೆಂಪು ಟವೆಲ್ಲು. ಟವೆಲ್ಲು ಕಂಡರೆ ಊರವರು, ಕಾಶಕ್ಕ ಹೊರಗೆ ಹೋಗಿದ್ದಾಳೆ ಅನ್ನುತ್ತಿದ್ದರು. ಒಳಗೆ ಕುರ್ಚಿಯ ಮೇಲೆ ಕೂತಿರುವುದು ಗಾಜಿನಲ್ಲಿ ಕಾಣುತ್ತಿತ್ತು. ಆದರೂ ಹೊರಗೆ ಹೋಗಿದ್ದಾಳೆ ಅಂತಲೇ ಅನ್ನುತ್ತಿದ್ದರು.

ಹೋಗುವಾಗ ಯಂತ್ರ ಕಿರುಚುತ್ತಿತ್ತು. ಕೊರಳು ಹಿಸುಕಿದ ಕೋಳಿಯ ಹಾಗೆ ಮೊದಲು, ಮಳೆ ಸುರಿದ ತಗಡಿನ ಹಾಗೆ ಆಮೇಲೆ. ಆ ಕಿರುಚಾಟ ಕೇಳಿಯೇ ಇವತ್ತು ಲೈನು ಹತ್ತುತ್ತದೋ ಇಲ್ಲವೋ ಕಾಶಕ್ಕ ಹೇಳುತ್ತಿದ್ದಳಂತೆ. ಹೇಳಿದ್ದು ತಪ್ಪುತ್ತಲೇ ಇರಲಿಲ್ಲವಂತೆ. ದಿನಕ್ಕೆ ಹತ್ತು ಸಲ ಲೈನು ತಪ್ಪುತ್ತಿತ್ತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹುಡುಕಿಕೊಡುವ ಯಂತ್ರಗಳು ಆಗ ಇದ್ದರೂ ಬಲು ಮಂದ. ಕುರಿಯ ಜ್ವರಕ್ಕೆ ಏನು ಮಾಡಬೇಕು ಅಂತ ಕೇಳಿದರೆ ಕುರಿ ಉಣ್ಣೆಯ ಟೋಪಿ ತೋರಿಸುತ್ತಿದ್ದವು. ಹಾಗಾಗಿ ಒಂದು ಮನೆಯಲ್ಲಿ ಕೇಳಿ ಇನ್ನೊಂದು ಮನೆಗೆ ಹೋಗಬೇಕು. ಒಂದು ಪುಟದ ಕೊನೆ ಮುಟ್ಟಿದರೆ ಅಲ್ಲಿ ನಾಲ್ಕು ನೀಲಿ ಸಾಲು. ನೀಲಿ ಸಾಲು ಅಂದರೆ ಬಾಗಿಲು. ಬಾಗಿಲು ತೆರೆದರೆ ಇನ್ನೊಬ್ಬರ ಮನೆ. ಕಾಶಕ್ಕ ಹಾಗೆ ಮನೆ ಮನೆ ತಿರುಗಿ, ಒಳ್ಳೆಯದು ಕಂಡರೆ ಅದರ ವಿಳಾಸವನ್ನು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಓಣಿ ಓಣಿಯಾಗಿ ಬರೆಯುತ್ತಿದ್ದಳು. ಇದು ದನಕರುವಿನ ಓಣಿ, ಇದು ಪರೀಕ್ಷೆಯ ಓಣಿ, ಇದು ಕಸೂತಿಯ ಓಣಿ, ಇದು ನಕ್ಷತ್ರದ ಓಣಿ. ಏಳು ಸಾವಿರ ವಿಳಾಸ ಇದ್ದವು ಅಂತಾರೆ. ಎಣಿಸಿದವರು ನಾನೂರು ಅಂತಾರೆ. ಏನು ಬೇಕೋ ಅದನ್ನು ನಂಬಿ.

ಆಕೆಗೆ ಇನ್ನೊಂದು ರೂಢಿ ಇತ್ತು. ಆಗಿನ ಪುಟಗಳಲ್ಲಿ ಬಂದುಹೋದವರು ಎರಡು ಮಾತು ಬರೆಯಲಿ ಅಂತ ಒಂದು ಜಾಗ ಇಡುತ್ತಿದ್ದರು. ಬಹಳ ಜನ ಅದನ್ನು ನೋಡದೆ ದಾಟುತ್ತಿದ್ದರು. ಕಾಶಕ್ಕ ದಾಟುತ್ತಿರಲಿಲ್ಲ. ಒಬ್ಬರ ಮನೆಯೊಳಗೆ ಹೋಗಿ, ಎಲ್ಲ ನೋಡಿ, ಒಂದು ಮಾತೂ ಆಡದೆ ಎದ್ದುಬರುವುದು ಹೇಗೆ? ಹೋದಲ್ಲೆಲ್ಲ ತನ್ನ ಮುರುಕು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು: ನಾನು ಜೋಡಹಳ್ಳದ ಕಾಶೀಬಾಯಿ, ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ. ಶನಿಗ್ರಹದ ಚಿತ್ರ ಇಟ್ಟವರಿಗೂ ಇದನ್ನೇ ಬರೆದಳು, ಹಂದಿ ಸಾಕುವವರಿಗೂ ಇದನ್ನೇ ಬರೆದಳು.

ಆ ಊರಿಗೆ ಗುರುವಾರಕ್ಕೊಮ್ಮೆ ಬಳೆ ಮಾರುವ ಇಮಾಂಬಿ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಇನ್ನಾರೂ ಇರಲಿಲ್ಲ. ಇದ್ದವಳು ಜೈತುನ್ ಅಂತ ಆರು ವರ್ಷದ ಮಗಳು, ಹುಟ್ಟಾ ಕಿವುಡಿ. ಕಿವಿ ಕೇಳದ್ದಕ್ಕೆ ಮಾತೂ ಬಂದಿರಲಿಲ್ಲ. ತಾಯಿ ಬುಟ್ಟಿ ಎತ್ತಿ ಹೊರಟರೆ ಸಾಕು, ಅವಳಿನ್ನು ಬರುವುದೇ ಇಲ್ಲ ಅಂದುಕೊಂಡು ಮಗಳು ಹಿಂದೆ ಓಡುತ್ತಿದ್ದಳು. ಸಂಜೆಗೆ ಬರ್ತೀನಿ ಅಂತ ಹೇಳುವುದು ಹೇಗೆ? ಒಮ್ಮೆ ಓಡಿಕೊಂಡು ಹೈವೇಗೆ ಹೋಗಿಬಿಟ್ಟಳು. ಲಾರಿಯವನು ಬ್ರೇಕು ಹಾಕಿ ನಿಲ್ಲಿಸಿದ್ದು ಮಗುವಿನಿಂದ ಒಂದು ಮಾರು ಈಚೆಗೆ. ಅವತ್ತಿನಿಂದ ಇಮಾಂಬಿ ಹಳೇ ಸೀರೆಯ ಅಂಚು ಹರಿದು, ಮಗಳ ಸೊಂಟಕ್ಕೆ ಒಂದು ತುದಿ, ಕಂಬಕ್ಕೆ ಒಂದು ತುದಿ ಕಟ್ಟಿ ಹೊರಡುತ್ತಿದ್ದಳು. ಜೋಡಹಳ್ಳಕ್ಕೆ ಬಂದ ದಿನ ಆ ಕಂಬ ಬಸ್ ಸ್ಟ್ಯಾಂಡಿನದು.

ಗಾಜಿನೊಳಗಿಂದ ಕಾಶಕ್ಕ ಅದನ್ನು ನೋಡುತ್ತಿದ್ದಳು. ಒಂದು ಗುರುವಾರ ಕೇಳಿಯೇಬಿಟ್ಟಳು, "ಕೂಸಿನ್ನ ಕರು ಕಟ್ಟಿದಂಗ ಕಟ್ಟೀಯಲ್ಲವಾ, ಇಮಾಂಬಿ."

"ಕರುವಿಗೆ ತಾಯಿ ಒದರಿದ್ರ ಕೇಳಸ್ತೈತಿ ಯಕ್ಕಾ," ಅಂದಳು ಇಮಾಂಬಿ. "ನಿನ್ನ ಡಬ್ಬಿಯೊಳಗ ಎಲ್ಲಾ ಓಣಿ ಅದಾವಂತ. ಇಂಥಾ ಮಕ್ಕಳದೊಂದು ಓಣಿ ಇದ್ರ ನೋಡು. ಮತ್ತೇನೂ ಬ್ಯಾಡ, ಹೋಗಿ ಬರ್ತೀನಿ ಅನ್ನೂದೊಂದು ಹೇಳಾಕ ಬಂದ್ರ ಸಾಕು. ಈ ಗಂಟು ಬಿಚ್ಚತೀನಿ."

ಕಾಶಕ್ಕ ಹುಡುಕಿದಳು. ಒಂದು ವಾರ ಹುಡುಕಿದಳು, ಸಿಗಲಿಲ್ಲ. ಎರಡು ವಾರ ಹುಡುಕಿದಳು, ಸಿಗಲಿಲ್ಲ. ಕಿವಿಗೆ ಹಾಕುವ ಯಂತ್ರ ಮಾರುವವರು ಸಿಕ್ಕರು, ಪ್ರಾರ್ಥನೆ ಮಾಡಿ ಅನ್ನುವವರು ಸಿಕ್ಕರು. ಮೂರನೇ ವಾರ ಒಂದು ಪುಟದ ತಳದಲ್ಲಿ ಒಂದು ನೀಲಿ ಸಾಲು, ಅದರಾಚೆ ಇನ್ನೊಂದು, ಅದರಾಚೆ ಇನ್ನೊಂದು. ಹಾಗೆ ಹನ್ನೆರಡು ಬಾಗಿಲು ದಾಟಿದ ಮೇಲೆ ಯಾರೋ ಒಬ್ಬ ಮೇಷ್ಟ್ರು ಕಟ್ಟಿದ ಪುಟ ತೆರೆಯಿತು. ಕಿವಿ ಕೇಳದ ಮಗುವಿನ ಜೊತೆ ಮನೆಯವರು ಕೈಯಲ್ಲೇ ಮಾತಾಡುವುದು ಹೇಗೆ ಅಂತ ಒಂದೊಂದಾಗಿ ಚಿತ್ರ ಬರೆದು ತೋರಿಸಿದ್ದ. ನೀರು ಹೀಗೆ, ಊಟ ಹೀಗೆ, ನೋವು ಹೀಗೆ. ಚಿತ್ರಗಳು ನಿಧಾನವಾಗಿ, ಮೇಲಿಂದ ಕೆಳಕ್ಕೆ, ಸೀರೆಯ ಮಡಿಕೆ ಬಿಚ್ಚಿದ ಹಾಗೆ ಇಳಿಯುತ್ತಿದ್ದವು. ಅಷ್ಟರಲ್ಲಿ ನಾಲ್ಕಾಯಿತು. ಹೊರಗೆ ಯಾರೋ ಬಾಗಿಲು ಬಡಿಯುತ್ತ, ತಂಗಿಗೆ ಹೆರಿಗೆ ನೋವು ಬಂದಿದೆ, ಫೋನು ಬೇಕು ಅಂತ ಕೂಗುತ್ತಿದ್ದ. ಕಾಶಕ್ಕ ವಿಳಾಸ ಬರೆದುಕೊಂಡು ಲೈನು ಬಿಟ್ಟಳು. ನೋಡಿದ ಮನೆಯಲ್ಲಿ ಮಾತಾಡದೆ ಎದ್ದುಬಂದದ್ದು ಅದೊಂದೇ ಸಲ. ವಿಳಾಸ ಸಿಕ್ಕಿತಲ್ಲ, ಮನೆ ಎಲ್ಲಿಗೆ ಹೋಗುತ್ತದೆ ಅಂದುಕೊಂಡಳು. ಊರಲ್ಲಿ ಹುಟ್ಟಿ ಬೆಳೆದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಇಮಾಂಬಿಗೆ ಹೇಳಿ ಕಳಿಸಿದಳು. ಗುರುವಾರ ಇಮಾಂಬಿ ಮಗಳನ್ನು ಕರೆದುಕೊಂಡು, ಬಳೆ ಮಾರದೆ ನೇರ ಬೂತಿಗೇ ಬಂದಳು. ಟವೆಲ್ಲು ಹಾಕಿದರು. ಯಂತ್ರ ಕಿರುಚಿತು. ಕಾಶಕ್ಕ ವಿಳಾಸ ಒತ್ತಿದಳು. ಪುಟ ಇಲ್ಲ.

ಮತ್ತೆ ಒತ್ತಿದಳು, ಇಲ್ಲ. ಬಂದ ದಾರಿಯಲ್ಲೇ ಹನ್ನೆರಡೂ ಬಾಗಿಲು ದಾಟಿ ಹೋದಳು. ಹನ್ನೆರಡೂ ಇದ್ದವು, ಹದಿಮೂರನೆಯದು ಇರಲಿಲ್ಲ. ಕೇಳಿದ ಪುಟ ಇಲ್ಲಿ ಇಲ್ಲ ಅಂತ ಬಿಳಿಯ ಮೇಲೆ ಕಪ್ಪಿನಲ್ಲಿ ಒಂದು ಸಾಲು, ಅಷ್ಟೇ. ಮೇಷ್ಟ್ರು ಸತ್ತನೋ, ಪುಟದ ಬಾಡಿಗೆ ಕಟ್ಟಲಿಲ್ಲವೋ, ಮನಸ್ಸು ಬದಲಾಯಿಸಿದನೋ, ಯಾರಿಗೆ ಗೊತ್ತು.

ಇಮಾಂಬಿ ಬೈಯಲಿಲ್ಲ. ಬುಟ್ಟಿ ತಲೆಯ ಮೇಲಿಟ್ಟುಕೊಂಡಳು. "ಇರಲಿ ಬಿಡು ಯಕ್ಕಾ. ನನ್ನ ಬಳೀನೂ ಹಂಗ. ಈ ವಾರ ಕೈಯಾಗ, ಮುಂದಿನ ವಾರ ತಿಪ್ಯಾಗ," ಅಂದು ಸೀರೆಯ ಅಂಚು ತೆಗೆದಳು.

"ಕುಂದರು," ಅಂದಳು ಕಾಶಕ್ಕ.

"ಕುಂತು ಏನ್ ಮಾಡ್ಲಿ?"

"ಮನಿ ಬಿತ್ತು ಹೌದು. ಆದ್ರ ಬೀಳೂಕಿಂತ ಮೊದಲ ನಾ ಒಳಗ ಹೋಗಿ ನೋಡಿ ಬಂದೀನಿ. ಕುಂದರು."

ಕಣ್ಣು ಮುಚ್ಚಿ ಕೂತಳಂತೆ. ಅರ್ಧ ದಿನ ಕೂತಳು ಅಂತಾರೆ; ಒಂದು ಚಹಾ ಆರುವಷ್ಟು ಹೊತ್ತು ಅಂತ ಚಹಾ ತಂದುಕೊಟ್ಟ ಅಂಗಡಿಯವನು ಹೇಳುತ್ತಿದ್ದ. ಆಮೇಲೆ ಕಣ್ಣು ತೆರೆದು ಕೈ ಎತ್ತಿ ನೀರು ತೋರಿಸಿದಳು. ಊಟ ತೋರಿಸಿದಳು. ನೋವು, ನಿದ್ದೆ, ಅವ್ವ, ಸಾಕು, ಬೇಕು, ಬಿಸಿ, ಒಳ್ಳೆಯದು, ಹೆದರಬೇಡ. ಹತ್ತಾಯಿತು. ಇಮಾಂಬಿ ಇನ್ನೂ ನೋಡುತ್ತಲೇ ಇದ್ದಳು. ಕಾಶಕ್ಕ ಬಲಗೈಯನ್ನು ಎದೆಯ ಮೇಲಿಟ್ಟಳು, ಅಲ್ಲಿಂದ ಮುಂದಕ್ಕೆ ಚಾಚಿದಳು, ಸ್ವಲ್ಪ ತಡೆದಳು, ಮತ್ತೆ ತಂದು ಎದೆಯ ಮೇಲೇ ಇಟ್ಟಳು.

"ಇದು ಹೋಗಿ ಬರ್ತೀನಿ," ಅಂದಳು.

ತೋರಿಸುವುದು ಸುಲಭ, ನಂಬಿಸುವುದು ಕಷ್ಟ. ಇಮಾಂಬಿ ಮಗಳ ಎದುರಿಗೆ ಹಾಗೆ ಕೈ ಮಾಡಿ ಬೇವಿನ ಮರದವರೆಗೆ ಹೋಗಿ ಬಂದಳು. ಮತ್ತೆ ಕೈ ಮಾಡಿ ಗಿರಣಿಯವರೆಗೆ ಹೋಗಿ ಬಂದಳು. ಮತ್ತೆ ಕೈ ಮಾಡಿ, ಗಿರಣಿಯ ಹಿಂದೆ ಮರೆಯಾಗಿ, ನೂರು ಎಣಿಸಿ ಬಂದಳು. ಮರೆಯಾದಾಗಲೆಲ್ಲ ಹುಡುಗಿ ಅಂಚನ್ನು ಜಗ್ಗಿ ಜಗ್ಗಿ ಅಳುತ್ತಿದ್ದಳು. ಗುರುವಾರದ ಮೇಲೆ ಗುರುವಾರ ಹೀಗೇ ನಡೆಯಿತು. ತಾಯಿ ಇಲ್ಲದಾಗ ಹುಡುಗಿಯ ಜೊತೆ ಮಾತಾಡಲು ಯಾರಾದರೂ ಬೇಕಲ್ಲ. ಅದಕ್ಕೆ ಕಾಶಕ್ಕ ಒಂದು ಕಾನೂನು ಮಾಡಿದಳು. ಬೂತಿಗೆ ಬಂದವರು ಹನ್ನೊಂದೂ ಮಾಡಿ ತೋರಿಸಿದರೆ ಮಾತ್ರ ಫೋನು. ಪಂಚಾಯ್ತಿ ಚೇರ್ಮನ್ನರು, ನನಗೂ ಈ ಕಾನೂನಾ ಅಂತ ಕೇಳಿದರಂತೆ. ನಿಮಗ ಎರಡು ಸಲ ಅಂದಳಂತೆ. ಅವರು ನಿಂತು, ಧೋತರದ ಚುಂಗು ಕಂಕುಳಲ್ಲಿ ಹಿಡಿದುಕೊಂಡು, ನೀರು ಊಟ ನೋವು ನಿದ್ದೆ ಎಲ್ಲ ಮಾಡಿದರು ಅಂತಾರೆ. ಆರು ತಿಂಗಳೊಳಗೆ ಕಂಡಕ್ಟರು ಕಲಿತ, ಹೂವಿನವಳು ಕಲಿತಳು, ಪೋಲೀಸಿನವನೂ ಕಲಿತ.

ಒಂದು ಗುರುವಾರ ಇಮಾಂಬಿ ಕಂಬಕ್ಕೆ ಕಟ್ಟಲಿಲ್ಲ. ಮುಂದಿನ ಊರಿನ ಬಸ್ಸು ಬಂದು ನಿಂತಿತ್ತು. ಮಗಳ ಎದುರಿಗೆ ಕೂತು ಕೈಯನ್ನು ಎದೆಯ ಮೇಲಿಟ್ಟಳು, ಚಾಚಿದಳು, ತಂದಳು. ಎದ್ದು ಬಸ್ಸು ಹತ್ತಿದಳು. ಬಸ್ಸು ಹೊರಟಿತು. ಜೈತುನ್ ಮೂರು ಹೆಜ್ಜೆ ಓಡಿದಳು. ಆಚೆಗೆ ರಸ್ತೆ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ಎದ್ದು ನಿಂತರು. ಹಿಡಿಯಲು ಹೋದವನ ರಟ್ಟೆಯನ್ನು ಕಾಶಕ್ಕ ಹಿಡಿದಳು. ನಾಲ್ಕನೆಯ ಹೆಜ್ಜೆಗೆ ಹುಡುಗಿ ನಿಂತಳು. ತನ್ನ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಐದೂವರೆಯ ಬಸ್ಸು ಬರುವವರೆಗೂ ಅದೇ ಜಾಗದಲ್ಲಿ ಹಾಗೇ ನಿಂತಿದ್ದಳು. ನೀರು ಕೊಟ್ಟರೆ ಎಡಗೈಯಲ್ಲಿ ಕುಡಿದಳಂತೆ. ಇಮಾಂಬಿ ಬಸ್ಸಿನಿಂದ ಇಳಿದು, ಬುಟ್ಟಿ ಕೆಳಗಿಟ್ಟು, ಮೊದಲು ಆ ಕೈ ಹಿಡಿದಳು.

ಕಾಶಕ್ಕನಿಗೆ ಮಾತ್ರ ಹನ್ನೊಂದು ಸಾಲದು ಅಂತಲೇ ಇತ್ತು. ತಾನು ಹಿಂದೆ ಕ್ಷೇಮ ಕೇಳಿ ಬಂದಿದ್ದ ಮನೆಗಳಿಗೆಲ್ಲ ಮತ್ತೆ ಹೋಗಿ, ಇಂಥಾ ಪುಟ ಯಾರಾದರೂ ನೋಡಿದ್ದೀರಾ ಅಂತ ಬರೆದಿಟ್ಟಳು. ಮುನ್ನೂರು ಉತ್ತರ ಬಂದವು ಅಂತಾರೆ. ಬಂದದ್ದು ನಾಲ್ಕು. ಮೂವರು, ನೋಡಿಲ್ಲ, ಆದರೆ ನಾವೂ ಕ್ಷೇಮ ಅಂತ ಬರೆದಿದ್ದರು. ನಾಲ್ಕನೆಯವಳು ಹಂದಿ ಸಾಕುವ ಹೆಂಗಸು. ತನ್ನ ನಾದಿನಿಯ ಮಗುವಿಗೆ ಅಂತ ಆ ಪುಟವನ್ನು ಹಿಂದೊಮ್ಮೆ ಕಾಗದಕ್ಕೆ ಇಳಿಸಿಕೊಂಡಿದ್ದಳು. ಎರಡು ತಿಂಗಳ ಮೇಲೆ ಪರದೇಶದ ಸ್ಟ್ಯಾಂಪು ಹಚ್ಚಿದ ದಪ್ಪ ಲಕೋಟೆ ಬಂತು. ಒಳಗೆ ಇಪ್ಪತ್ತನಾಲ್ಕು ಹಾಳೆ.

ಬೂತಿನ ಮುಂದೆ ಊರೇ ಸೇರಿತು. ಒಂದೊಂದು ಚಿತ್ರ ತೆಗೆದರು, ತಮಗೆ ಬರುವುದರ ಜೊತೆ ಹೋಲಿಸಿ ನೋಡಿದರು. ನೀರು ಸರಿಯಿತ್ತು. ಊಟ ಸರಿಯಿತ್ತು. ನೋವಿನಲ್ಲಿ ಒಂದು ಬೆರಳು ಹೆಚ್ಚು ಕಡಿಮೆ. ಹತ್ತೂ ಸಿಕ್ಕವು. ಹನ್ನೊಂದನೆಯದು ಸಿಗಲಿಲ್ಲ. ಇಪ್ಪತ್ತನಾಲ್ಕು ಹಾಳೆಯನ್ನೂ ಮಗುಚಿ ಮಗುಚಿ ನೋಡಿದರು. ಹೋಗಿ ಬರ್ತೀನಿ ಅನ್ನುವ ಚಿತ್ರ ಆ ಮೇಷ್ಟ್ರು ಬರೆದೇ ಇರಲಿಲ್ಲ.

ಅದನ್ನು ಕಾಶಕ್ಕನೇ ಆ ಗಳಿಗೆಯಲ್ಲಿ ಹೊಸೆದದ್ದು ಅಂತ ಕೆಲವರು ಹೇಳುತ್ತಾರೆ. ಮೇಷ್ಟ್ರು ಬರೆದಿದ್ದ, ಅಂಚೆಯಲ್ಲಿ ಒಂದು ಹಾಳೆ ಕಳೆದಿರಬೇಕು ಅಂತ ಕೆಲವರು. ಕಾಶಕ್ಕನನ್ನೇ ಕೇಳಿದರಂತೆ. ಆಕೆ ಹಾಳೆಗಳನ್ನೆಲ್ಲ ಜೋಡಿಸಿ ಇಮಾಂಬಿಯ ಬುಟ್ಟಿಯೊಳಗೆ ಇಟ್ಟು, "ನಾ ನೋಡಿದ್ದೆ," ಅಂದಳಂತೆ. ಎಲ್ಲಿ ಅಂತ ಕೇಳುವಷ್ಟರಲ್ಲಿ ಎರಡು ಗಂಟೆಯಾಗಿತ್ತು, ಬಾಗಿಲಿಗೆ ಟವೆಲ್ಲು ಬಿತ್ತು.

ಕಾಶಕ್ಕ ಹೋಗಿ ಬಹಳ ಕಾಲವಾಯಿತು. ನೋಟ್‌ಬುಕ್ಕಿನ ನಾನೂರು ವಿಳಾಸಗಳಲ್ಲಿ ಈಗ ಒಂದೂ ತೆರೆಯುವುದಿಲ್ಲ. ಬೂತಿದ್ದ ಜಾಗದಲ್ಲಿ ಮೊಬೈಲಿನ ಅಂಗಡಿ ಇದೆ. ಜೈತುನ್ ದೂರದ ಊರಲ್ಲಿ ತನ್ನಂಥ ಮಕ್ಕಳಿಗೇ ಟೀಚರು. ಅವಳು ಕಲಿಸುವುದು ಎಲ್ಲ ಕಡೆಯವರೂ ಒಪ್ಪಿದ ಕೈಮಾತು, ಅದರಲ್ಲಿ ಈ ಹನ್ನೊಂದನೆಯದು ಇಲ್ಲ.

ಜೋಡಹಳ್ಳದಲ್ಲಿ ಇದೆ. ಇವತ್ತಿಗೂ ಆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದವರು ಕಿಟಕಿಯಿಂದ ಕೈ ಬೀಸುವುದಿಲ್ಲ. ಎದೆಯ ಮೇಲಿಟ್ಟು, ಹೊರಗೆ ಚಾಚಿ, ಮತ್ತೆ ಎದೆಗೆ ತರುತ್ತಾರೆ. ಹೊಸ ಕಂಡಕ್ಟರು ಬಂದರೆ ಹಳಬರು ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ, ಎಲ್ಲರ ಕೈ ವಾಪಸ್ಸು ಬರುವ ತನಕ ಸೀಟಿ ಊದಬೇಡ ಅಂತ. ಕೆಳಗೆ ನಿಂತವರು ತಮ್ಮ ಕೈಯನ್ನು ಎದೆಯ ಮೇಲಿಟ್ಟುಕೊಳ್ಳುತ್ತಾರೆ, ಬಸ್ಸು ಹಳ್ಳದ ಸೇತುವೆ ದಾಟಿದ ಮೇಲೂ ತೆಗೆಯುವುದಿಲ್ಲ.