ಅಂಗಳದಲ್ಲಿ ಆರಿಸಿದ ಸಾಕೆಟ್

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅದರ ಹಿಂದೆ ಒಬ್ಬ ಹೆಣ್ಣುಮಗಳ ಮನೆ. ಆಕೆಯ ಹೆಸರು ಇಲ್ಲಿ ಬರುವುದಿಲ್ಲ.

ಆ ಮನೆಯ ಹಳೆಯ ಮೀಟರ್ ಹಲಗೆಯನ್ನು ಗೆದ್ದಲು ತಿಂದಿತ್ತು. ಹೊಸದರ ಖರ್ಚನ್ನು ಆಶ್ರಮದ ದಾನಿಯೊಬ್ಬರು ವಹಿಸಿಕೊಂಡರು.

ಮೀಟರನ್ನು ಹಿಡಿದು ನಿಲ್ಲಿಸುವ, ಮನೆಯ ಅಷ್ಟೂ ಕರೆಂಟು ಹಾದುಹೋಗುವ ಸಾಕೆಟ್ಟನ್ನು ಆರಿಸಿದವನು ನಿಜಗುಣ. ಎಂಜಿನಿಯರಿಂಗ್ ಪದವಿ ಪಡೆದು ಆಶ್ರಮದ ಗುರುಗಳ ಬಳಿಗೆ ಬಂದ ಶಿಷ್ಯ.

ಅವನು ಆರಿಸಿದ್ದು ಎಲ್ಲಕ್ಕಿಂತ ಚಿಕ್ಕದು.

ವಾರ ಕಳೆಯುವುದರೊಳಗೆ ಅದು ಕಾದು, ಕರಗಿ, ಗೋಡೆಯನ್ನು ಕಪ್ಪು ಮಾಡಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮನೆ ಕತ್ತಲಾಯಿತು.

ನಡೆದದ್ದು ಇಷ್ಟು.

ಸುಟ್ಟ ಸಾಕೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ನಿಜಗುಣ ಗುರುಗಳ ಮುಂದೆ ನಿಂತ.

“ಅಪ್ಪಾರ, ನನ್ನ ಲೆಕ್ಕ ತಪ್ಪಿಲ್ರಿ. ಆಕಿ ಸುಳ್ಳು ಹೇಳ್ಯಾಳ್ರಿ.”

“ಏನಂದ್ಳು?”

“ಎರಡು ದೀಪ, ಒಂದು ಫ್ಯಾನು, ಅಷ್ಟ ಅಂದ್ಳು. ಈಗ ಓಣಿಯವರನ್ನ ಕೇಳಿದ್ರ ಕರೆಂಟಿನ ಕಾಯಿಲ್ ಒಲಿ ಐತಿ, ಖಾರ ಕುಟ್ಟೋ ಮಷೀನ್ ಐತಿ ಅಂತಾರ. ಓಣಿಯವರ ಮೆಣಸಿನಕಾಯಿ ಕುಟ್ಟಿಕೊಟ್ಟ ಆಕಿ ಸಂಸಾರ ನಡಸ್ತಾಳ. ಆವತ್ತು ಅದರ ಮ್ಯಾಲೆ ಕೌದಿ ಹೊದಿಸಿ ಮುಚ್ಚಿಟ್ಟಿದ್ಳು.”

“ಎಲ್ಲಿ ನಿಂತು ಕೇಳಿದಿ?”

“ಅಂಗಳದಾಗ್ರಿ.”

“ಯಾರ್ಯಾರು ಇದ್ರು?”

“ದಾನಿಗಳಿದ್ರು. ಕಮಿಟಿಯವರಿದ್ರು. ಫೋಟೊ ತಗಿಯಾಂವ ಇದ್ದ.”

ಗುರುಗಳು ಸಾಕೆಟ್ಟನ್ನು ಮೂಸಿ ನೋಡಿ ಕೆಳಗಿಟ್ಟರು.

“ನಡಿ, ಊಟಕ್ಕ ಹೊತ್ತಾತು.”

ಅಂದು ಪಂಕ್ತಿಯಲ್ಲಿ ಅದೇ ದಾನಿಗಳು ಕುಳಿತಿದ್ದರು. ಉಣ್ಣುವಾಗ ಎಂದೂ ಮಾತನಾಡದ ಗುರುಗಳು ಅಂದು ದನಿ ಎತ್ತಿದರು.

“ನಿಜಗುಣ, ನಿನ್ನ ಹೊಟ್ಟಿಗೆ ಎಷ್ಟು ರೊಟ್ಟಿ ಬೇಕು? ಎಲ್ಲಾರಿಗೂ ಕೇಳೂ ಹಂಗ ಹೇಳು. ಜೋಳ ಇವರು ಕೊಟ್ಟದ್ದು.”

ತುತ್ತು ಎತ್ತಿದ ಕೈಗಳು ನಿಂತವು. ಎಲ್ಲರೂ ಇತ್ತ ತಿರುಗಿದರು.

“ಒಂದು ಸಾಕ್ರಿ,” ಎಂದ ನಿಜಗುಣ.

ಬಡಿಸುತ್ತಿದ್ದ ಗುರುಪಾದಪ್ಪನಿಗೆ ತಡೆಯಲಾಗಲಿಲ್ಲ. “ಅಯ್ಯ ಶಿವನ! ದಿನಾ ನಾಕು ಮುರದು, ಮತ್ತ ಬುಟ್ಟಿ ಕಡೆ ನೋಡ್ತಿಯಲ್ಲೋ ಮಾರಾಯ!”

ಪಂಕ್ತಿ ನಕ್ಕಿತು. ಗುರುಗಳು ನಗಲಿಲ್ಲ.

“ಅವ ಒಂದು ಅಂದಾನ. ಒಂದ ಹಾಕು.”

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಹಸಿವಾಗೇತಿ?”

“ಹೂಂ ರಿ.”

“ಮತ್ತ ಸುಳ್ಳ್ಯಾಕ ಹೇಳಿದಿ?”

ನಿಜಗುಣ ಬಾಯಿ ತೆರೆದ. ಸುಳ್ಳು ಎಂಬ ಆ ಮಾತು ಬೆಳಿಗ್ಗೆ ಆಕೆಯ ಬಗ್ಗೆ ತನ್ನ ಬಾಯಿಂದಲೇ ಹೊರಟದ್ದು. ಅವನ ಕಿವಿಗಳು ಬಿಸಿಯಾದವು.

ನೀರಿನ ಕಡೆ ನೋಡುತ್ತ ಹೇಳಿದ:

“ಅಪ್ಪಾರ, ನಾ ಕೇಳೂದಕ್ಕ ಮೊದಲ ದಾನಿಗಳು ಒಂದು ಮಾತಂದ್ರು. ಖರೇ ಬಡವರಿಗಷ್ಟ ನಾವು ಕೊಡೋದು ಅಂದ್ರು. ಆಕಿ ಎದುರಿಗೇ.”

ಗುರುಗಳು ಅವನತ್ತ ತಿರುಗಿದರು.

“ಮತ್ತ... ಆವತ್ತು ಅಂಗಳದಾಗ ನಾನು ಸೀನಿದ್ನಿರಿ. ಖಾರದ ಘಾಟು ಮೂಗಿಗೆ ಬಡದಿತ್ತು. ಬಾಗಿಲದಾಗಿಂದ ಕೌದಿನೂ ಕಂಡಿತ್ತು. ಒಳಗ ಹೋಗಿ ನೋಡಬೇಕಿತ್ತು. ಅಷ್ಟರಾಗ ಫೋಟೊಕ್ಕ ಕರದ್ರು.”

“ಹೋಗಿ ನಿಂತಿ?”

“ನಿಂತೆ ರಿ.”

ಗುರುಗಳು ಎದ್ದು ಹೋದರು. ನಿಜಗುಣನಿಗೆ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮರುದಿನ ಅವನು ಒಬ್ಬನೇ ಆ ಮನೆಗೆ ಹೋದ. ಹೊಸ್ತಿಲ ಹೊರಗೆ ಕುಳಿತ. ಆಕೆ ಕೌದಿಯ ಅಂಚನ್ನು ಎಳೆದು ಸರಿಪಡಿಸಿ, ಅದಕ್ಕೆ ಅಡ್ಡವಾಗಿ ನಿಂತಳು.

“ಮತ್ತ ಎಣಿಸಾಕ ಬಂದ್ರೇನು?”

“ಇಲ್ಲ ಅಕ್ಕಾರ. ನಿನ್ನೆ ಪಂಕ್ತಿಯಾಗ ಎಷ್ಟು ರೊಟ್ಟಿ ಬೇಕಂತ ಅಪ್ಪಾರು ಎಲ್ಲಾರ ಮುಂದ ಕೇಳಿದ್ರು. ನಾನೂ ಸುಳ್ಳು ಹೇಳಿದೆ. ನಾಕು ರೊಟ್ಟಿ ಉಣ್ಣಾಂವ ಒಂದು ಸಾಕಂದೆ.”

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಈ ಕಡ್ಡಿಯಂಥಾ ಮೈಗೆ ನಾಕ?”

ನಕ್ಕಳು. ಆಮೇಲೆ, “ಒಳಗ ಬರ್ರಿ,” ಎಂದಳು.

ರೊಟ್ಟಿಯ ಜೊತೆ ಕೆಂಪು ಖಾರ ಬಡಿಸಿದಳು. ಅವನಿಗೆ ಮತ್ತೆ ಸೀನು ಬಂತು. ಆಕೆ ತಾನಾಗಿಯೇ ಕೌದಿಯನ್ನು ಸರಿಸಿದಳು.

“ಇದು ಕಂಡ್ರ ನಾ ಬಡವಿ ಅಲ್ಲ ಅಂತಾರ್ರಿ. ಇದು ಇಲ್ಲದಿದ್ರ ನಾ ಉಣ್ಣೋದೇನು?”

ನಿಜಗುಣ ಊಟ ಮುಗಿಸಿ ಯಂತ್ರದ ಬಳಿ ಕುಳಿತ.

ಒಲೆಯನ್ನೂ ಯಂತ್ರವನ್ನೂ ಒಟ್ಟಿಗೆ ಹಚ್ಚುವುದುಂಟೇ ಎಂದು ಕೇಳಿದ. ಉಂಟು ಎಂದಳು. ಯಂತ್ರದ ಮೋಟಾರಿನ ಮೇಲಿದ್ದ ತಗಡಿನ ಪಟ್ಟಿಯನ್ನು ತಾನೇ ಒರೆಸಿ ತೋರಿಸಿದಳು. ಅಲ್ಲಿದ್ದ ಕರೆಂಟಿನ ಅಂಕಿ ನೋಡಿ, ಎಲ್ಲವೂ ಒಮ್ಮೆಗೇ ನಡೆದರೂ ಕಾಯದಂಥ ಸಾಕೆಟ್ಟನ್ನು ಅವನು ಆರಿಸಿ ತಂದ. ಅದಕ್ಕೆ ತಕ್ಕ ದಪ್ಪದ ತಂತಿಯನ್ನೂ ತಂದ.

ಸಂಜೆಯ ಹೊತ್ತಿಗೆ ಆ ಮನೆಯಿಂದ ಖಾರ ಕುಟ್ಟುವ ಸದ್ದು ಆಶ್ರಮದವರೆಗೆ ಕೇಳಿಸಿತು.

ನಿಜಗುಣ ಗುರುಗಳ ಕಾಲ ಬಳಿ ಕುಳಿತ. ತಲೆ ಎತ್ತಲಿಲ್ಲ.

“ಅಪ್ಪಾರ, ನಾ ಒಳಗ ನೋಡದ ಫೋಟೊಕ್ಕ ಹೋಗಿ ನಿಂತ ಮಾತು ನಮ್ಮಿಬ್ಬರಾಗ ಇರ್ಲಿರಿ.”

“ಇಲ್ಲ ತಮ್ಮಾ,” ಎಂದರು ಗುರುಗಳು. “ಆಕಿ ಹೆಸರು ಬಿಡು, ನಿನ್ನ ಹೆಸರು ಹಚ್ಚಿ ಹೇಳು. ಕೇಳಿದವರಿಗೆ, ನೀವೂ ನಾಕು ಮಂದಿಗೆ ಹೇಳ್ರಿ ಅನ್ನು.”